ಕುಳಿತಲ್ಲೇ ನಡೆದ ಅಕ್ಕ

ತೂಕ ಇಳಿಯಲಿ ಎಂದು ಮಗಳು ನನಗೂ ಭಾಲ್ಕಿಯಲ್ಲಿರುವ ನನ್ನ ಅಕ್ಕನಿಗೂ ಒಂದೊಂದು ಸ್ಮಾರ್ಟ್‌ವಾಚ್ ಕೊಡಿಸಿದಳು. ಯಾರು ಎಷ್ಟು ಹೆಜ್ಜೆ ಹಾಕಿದರೆಂದು ಇಬ್ಬರ ಮೊಬೈಲಿನ ಆ್ಯಪಿನಲ್ಲೂ ಕಾಣುತ್ತದೆ. ವಾರದಲ್ಲಿ ಕಡಿಮೆ ನಡೆದವರು ಮುಂದಿನ ವಾರವಿಡೀ ಸಕ್ಕರೆಯಿಲ್ಲದ ಚಹಾ ಕುಡಿಯಬೇಕು ಎಂದು ಪಂದ್ಯ ಕಟ್ಟಿದವಳು ಅಕ್ಕನೇ. ಅವಳಿಗೆ ಮೊಣಕಾಲು ನೋವು. ಹಾಗಾಗಿ ನಾನು ಬಹಳ ಖುಷಿಯಿಂದ ಒಪ್ಪಿದೆ.

ಸತತ ಮೂರು ವಾರ ಸೋತೆ. ನಮ್ಮ ಮನೆಯಿರುವ ಮೈಲೂರಿನಿಂದ ಬೀದರ ಕೋಟೆಯವರೆಗೆ ನಡೆದು, ಬೆವರು ಒರೆಸಿಕೊಂಡು ಮೊಬೈಲ್ ನೋಡಿದರೆ ಅಕ್ಕ ಆಗಲೇ ನನಗಿಂತ ಮುಂದಿರುತ್ತಿದ್ದಳು. ಕೊನೆಗೆ ಸಪ್ಪೆ ಚಹಾ ಗಂಟಲಲ್ಲಿ ಇಳಿಯದೆ ಭಾಲ್ಕಿಯ ಬಸ್ಸು ಹತ್ತಿದೆ.

ಅಕ್ಕ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ವಾಚು ಬಲಗೈಯಲ್ಲಿತ್ತು. ಒಂದೊಂದು ಬಡಿತಕ್ಕೂ ಅದರಲ್ಲಿ ಒಂದೊಂದು ಹೆಜ್ಜೆ ಏರುತ್ತಿತ್ತು.

“ಅಕ್ಕಾ, ಇದು ಮೋಸ! ನೀ ಕುಂತಲ್ಲೇ ನಡಿಲತ್ತೀ!”

“ನನಗೇನ್ ಗೊತ್ತೋ ತಮ್ಮಾ? ನಾ ರೊಟ್ಟಿ ಬಡೀತೇನಿ, ಅದು ಎಣಸ್ತದ. ಅಷ್ಟ ಹೊಟ್ಟಿ ಉರದ್ರ ನೀನೂ ಬಾ, ಬಡಿ.”

ಹಟಕ್ಕೆ ಬಿದ್ದು ಕುಳಿತೆ. ಮೊದಲ ರೊಟ್ಟಿ ಅರ್ಧಕ್ಕೇ ಹರಿಯಿತು. ಎರಡನೆಯದು ಕೈಗೇ ಅಂಟಿಕೊಂಡಿತು. ಮೂರನೆಯದು ಹೇಗೋ ಹಂಚು ಸೇರುವಷ್ಟರಲ್ಲಿ ತೋಳು ಬಿದ್ದೇ ಹೋಗಿತ್ತು.

“ಎಷ್ಟ ಹೆಜ್ಜಿ ಆತು, ನೋಡು,” ಎಂದಳು ಅಕ್ಕ.

ನೋಡಿದೆ. ಒಂದೂ ಏರಿರಲಿಲ್ಲ. ನನ್ನ ವಾಚು ಎಡಗೈಯಲ್ಲಿತ್ತು.

ಅಕ್ಕ ನಗುತ್ತಲೇ ಎರಡು ಕಪ್ ಚಹಾ ಮಾಡಿ, ಸಕ್ಕರೆಯಿಲ್ಲದ್ದನ್ನು ನನ್ನ ಮುಂದಿಟ್ಟಳು.