ಗೌಜಲಹಕ್ಕಿಗೆ ಚೆಲ್ಲಿದ ಚರಗ

ನಾನು ವಾಡಿಯಲ್ಲಿ ಬಟ್ಟೆ ಹೊಲಿಯುವವಳು. ಭಾನುವಾರ ಮಾತ್ರ ಮಷೀನಿಗೆ ಮುಸುಕು ಹಾಕಿ, ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳನ್ನು ಕಾಯುವ ನಮ್ಮ ಗುಂಪಿನ ಜೊತೆ ಹೊಲ ಸುತ್ತುತ್ತೇನೆ. ಉರುಲು ಹಾಕುವವರ ಜೊತೆ ಜಗಳಕ್ಕೆ ನನ್ನನ್ನೇ ಮುಂದೆ ಬಿಡುತ್ತಾರೆ. ನನ್ನ ಬಾಯಿ ಅಂಥದ್ದು.

ಗುಂಡಗುರ್ತಿಯ ಒಂದು ಹೊಲದಲ್ಲಿ ಜಗಳವೇ ಬೇಕಾಗಲಿಲ್ಲ. ತೊಗರಿ ಕೊಯ್ಯುವಾಗ ಬದುವಿನ ಬುಡದಲ್ಲಿ ಗೌಜಲಹಕ್ಕಿ ಕಾವಿಗೆ ಕೂತದ್ದನ್ನು ಕಂಡು, ಹೊಲದೊಡತಿ ತಾನೇ ನಮಗೆ ಫೋನ್ ಮಾಡಿಸಿದ್ದಳು. ಗೂಡಿನ ಸುತ್ತಲ ತೊಗರಿಯನ್ನು ಕೊಯ್ಯದೆ ಬಿಟ್ಟಿದ್ದಳು. ಮುಟ್ಟಬೇಡ, ಹತ್ತಿರ ಹೋಗಬೇಡ, ಯಾರಿಗೂ ತೋರಿಸಬೇಡ ಎಂದು ನಾನು ಪಾಠ ಒಪ್ಪಿಸಿದರೆ ಅವಳು ನಕ್ಕಳು.

"ಬಾಣಂತಿ ಖೋಲಿಗಿ ಯಾರರ ನುಗ್ತಾರೇನಕ್ಕಾ?"

ಅವಳು ನನಗೆ ಅಂದೇ ಹಿಡಿಸಿಬಿಟ್ಟಳು.

ಎಳ್ಳಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಮರಿ ಒಡೆದಿರಬಹುದೆಂದು ಆಸೆಯಿಂದ ಹೋದೆ. ಗೂಡಿದ್ದಲ್ಲಿ ಪುಕ್ಕ, ಒಡೆದ ಚಿಪ್ಪು, ನಾಯಿಗಳ ಹೆಜ್ಜೆ. ತಾಯಿಹಕ್ಕಿಯ ಒಂದು ರೆಕ್ಕೆ. ಅದರ ಪಕ್ಕದಲ್ಲೇ ಕಡಬಿನ ಚೂರು ಬಿದ್ದಿತ್ತು.

ಅಷ್ಟರಲ್ಲಿ ಅವಳು ಆಚೆ ತುದಿಯಿಂದ ಲಗುಬಗೆಯಿಂದ ಬಂದಳು. ಇನ್ನೂ ಗೂಡು ನೋಡಿರಲಿಲ್ಲ.

"ಹಕ್ಕಿ ಉಂಡದೇನಕ್ಕಾ? ನಿನ್ನಿ ಹೊಲಕ್ಕೆಲ್ಲಾ ಚರಗ ಚೆಲ್ಲಿದೆ. ಇದೊಂದು ಮೊಟ್ಟಿ ಬಿಟ್ಟು ಏಳಂಗಿಲ್ಲ, ಹಬ್ಬದ ದಿನ ಉಪಾಸ ಕುಂತದ ಅಂತ ಇತ್ಲಾಗ ಭಾಳ ಚೆಲ್ಲಿದೆ. ಹತ್ತರ ಹೋಗಿಲ್ಲ. ನೀ ಹೇಳಿದಂಗ ದೂರದಿಂದೇ ಒಗದೀನಿ."

ಅಮಾವಾಸ್ಯೆಯ ದಿನ ಕಡಬು, ಭಜ್ಜಿ, ಸಜ್ಜೆ ರೊಟ್ಟಿಯನ್ನು ಚರಗವೆಂದು ಹೊಲದ ತುಂಬ ಚೆಲ್ಲಿ, ಭೂಮಿಗೆ ಉಣಿಸಿದ ಮೇಲೇ ನಮ್ಮ ಕಡೆಯವರು ಉಣ್ಣುವುದು. ಆ ವಾಸನೆಗೆ ನಾಯಿಗಳು ಬರುತ್ತವೆ, ನಿಜ. ಆದರೆ ಚರಗ ಚೆಲ್ಲಬೇಡ ಎಂದು ಈ ಸೀಮೆಯಲ್ಲಿ ಯಾರು ಯಾರಿಗೆ ಹೇಳುತ್ತಾರೆ? ನಾನೂ ನಿನ್ನೆ ತವರಿನ ಹೊಲದಲ್ಲಿ ಕೈತುಂಬ ಚೆಲ್ಲಿ ಬಂದವಳೇ. ಅವಳ ಮೇಲೆ ಸಿಟ್ಟು ಮಾಡಲು ನೋಡಿದೆ. ಬರಲಿಲ್ಲ.

ನನ್ನ ಮುಖ ನೋಡಿ ಅವಳು ಗೂಡಿನತ್ತ ನೋಡಿದಳು. ರೆಕ್ಕೆಯ ಪಕ್ಕದ ಕಡಬಿನ ಚೂರು ಎತ್ತಿಕೊಂಡು ಅಲ್ಲೇ ಕೂತಳು.

"ನಾಯಿಗೋಳ್ನ ನಾನೇ ಊಟಕ್ಕ ಕರದಂಗಾತಲ್ಲಕ್ಕಾ."

ಅವಳ ಪಕ್ಕದಲ್ಲಿ ಕೂತು ಅತ್ತೆ.

ಜಾಲಿ ಕಂಟಿಯ ಆಚೆ ಗಂಡು ಗೌಜಲ ಕೂಗತೊಡಗಿತು. ಕೂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಇತ್ತಕಡೆಯಿಂದ ಉತ್ತರ ಬಾರದ್ದಕ್ಕೆ ಮತ್ತೆ ಕೂಗಿತು. ಅವಳು ಎರಡೂ ಕಿವಿಗೆ ಸೆರಗು ಒತ್ತಿಕೊಂಡಳು.

"ಅದಕ್ಕ ಸುಮ್ಮನಿರು ಅನ್ನು ಅಕ್ಕಾ," ಎಂದಳು. "ನಿನಗ ಹಕ್ಕಿದು ಎಲ್ಲಾ ಗೊತ್ತಲ್ಲ."