ಗಾಲಿಯ ಲೆಕ್ಕದಲ್ಲಿ ನಾಲ್ಕು

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಿತ್ತಲಲ್ಲಿ ಬಿದ್ದಿದ್ದ ಎರಡು ತೆಂಗಿನ ಗರಿ ಎಳೆದು ಗೋಡೆಗೆ ಒರಗಿಸಿದೆ. ಬೆಕ್ಕಿಗೆ ಹಾಲು ಇಟ್ಟೆ. ರಾಗಿ ಬೀಸಿಸಿಕೊಂಡು ಬಂದೆ. ಹುರುಳಿಕಾಳು ನೆನೆಹಾಕಿದೆ. ಹನ್ನೊಂದಕ್ಕೆ ಒಂದು ಲೋಟ ಟೀ ಮಾಡಿಕೊಂಡು ನಕ್ಷೆಯ ಮೇಜಿಗೆ ಕೂತೆ. ಮಧ್ಯಾಹ್ನದ ಬಸ್ಸಿಗೆ ಹುಳಿಯಾರಿಗೆ ಹೋಗಿಬಂದದ್ದು ಮಾತ್ರ ಬೆಳಿಗ್ಗೆ ಅಂದುಕೊಂಡಿದ್ದ ಕೆಲಸವಲ್ಲ.

ತಿಪಟೂರಿನ ಈ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತೈದು ವರ್ಷದಿಂದ ಯಂತ್ರಗಳ ನಕ್ಷೆ ಬರೆಯುತ್ತಿದ್ದೇನೆ. ಹೆಚ್ಚಾಗಿ ತೆಂಗಿನ ಸಿಪ್ಪೆ ಜಜ್ಜಿ ನಾರು ತೆಗೆಯುವ ಯಂತ್ರಗಳು. ಅಮ್ಮ ಇರುವವರೆಗೆ ಮನೆಯಲ್ಲಿ ಮಾತಿತ್ತು. ಅಮ್ಮ ಹೋದ ಮೇಲೆ ಉಳಿದದ್ದು ಹನ್ನೊಂದು ಗಂಟೆಯ ಮಾತು. ಎದುರು ಸಾಲಿನಲ್ಲಿ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದ ಭಾಯ್ ದಿನಾ ಆ ಹೊತ್ತಿಗೆ ಬಂದು, ಹೊಸ್ತಿಲ ಹೊರಗೆ ಸ್ಟೂಲ್ ಎಳೆದುಕೊಂಡು ಟೀ ಕುಡಿಯುತ್ತಿದ್ದರು. ಎರಡು ಲೋಟ ಮಾಡುತ್ತಿದ್ದೆ. ನಾಲ್ಕು ವರ್ಷದಿಂದ ಒಂದೇ ಲೋಟ.

ಅದಕ್ಕೆ ಕಾರಣ ಒಂದು ಗಾಲಿ. ತುರುವೇಕೆರೆ ಕಡೆಯ ಮಿಲ್ಲಿನವರು ಒಂದು ಹಳೆಯ ನಕ್ಷೆ ಕೊಟ್ಟು, ಇದೇ ಥರ ನಾರಿನ ಯಂತ್ರ ಮಾಡಿಸಿಕೊಡಿ ಅಂದಿದ್ದರು. ಅದರ ಫ್ಲೈವೀಲಿಗೆ, ಅಂದರೆ ಓಟ ಹಿಡಿದಿಡುವ ಭಾರದ ಗಾಲಿಗೆ, ಎಷ್ಟು ಮೊಮೆಂಟ್ ಆಫ್ ಇನರ್ಷಿಯಾ ಬೇಕೆಂದು ನಕ್ಷೆಯಲ್ಲೇ ಬರೆದಿತ್ತು: ಹನ್ನೆರಡು ಕಿಲೋಗ್ರಾಂ ಮೀಟರ್ ವರ್ಗ. ರಾಗಿಕಲ್ಲು ತಿರುಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲು ಎಷ್ಟು ತೂಕ ಅನ್ನುವುದಷ್ಟೇ ಅಲ್ಲ, ತೂಕ ನಡುಗೂಟದಿಂದ ಎಷ್ಟು ದೂರದಲ್ಲಿದೆ ಅನ್ನುವುದೂ ಸೇರಿ ಕೈಗೆ ಭಾರವಾಗುತ್ತದೆ. ಒಮ್ಮೆ ತಿರುಗಿತೆಂದರೆ ಬೇಗ ನಿಲ್ಲುವುದೂ ಇಲ್ಲ.

ನಾನು ಹನ್ನೆರಡಕ್ಕೆ ಸರಿಯಾಗಿ ಗಾಲಿ ಎರಕ ಹೊಯ್ಯಿಸಿದೆ. ಮೋಟಾರು ಸುಟ್ಟಿತು. ಭಾಯ್ ಸುತ್ತಿಕೊಟ್ಟರು, ಮತ್ತೆ ಸುಟ್ಟಿತು.

"ಅಕ್ಕಾ, ಗಾಲಿ ಭಾರ ಜಾಸ್ತಿ ಆಗೈತೆ. ಮೋಟಾರು ಎದ್ದೇಳಕ್ಕೇ ಒದ್ದಾಡ್ತೈತೆ," ಅಂದರು ಅವರು, ಮಿಲ್ಲಿನ ಅಂಗಳದಲ್ಲಿ ಹತ್ತು ಜನರ ನಡುವೆ.

"ನನ್ನ ಲೆಕ್ಕ ಸುಳ್ಳು ಹೇಳಲ್ಲ ಭಾಯ್. ನಿಮ್ಮ ತಾಮ್ರ ಹೇಳ್ತೈತೆ," ಅಂದೆ ನಾನು.

ತೆಳು ತಂತಿ ಸುತ್ತಿ ಮೋಸ ಮಾಡಿದ್ದೀರಿ ಅಂದ ಹಾಗಾಯಿತು. ಹಾಗೇ ಅರ್ಥವಾಗಲಿ ಅಂತಲೇ ಅಂದಿದ್ದೆ. ಆ ಯಂತ್ರಕ್ಕೆ ಇನ್ನೂ ದೊಡ್ಡ ಮೋಟಾರು ಹಾಕಿದರು, ಅದು ಓಡಿತು. ಮಿಲ್ಲುಗಳವರು ಒಬ್ಬೊಬ್ಬರಾಗಿ ಮೋಟಾರುಗಳನ್ನು ಬೇರೆ ಕಡೆ ಒಯ್ದರು. ವರ್ಷ ತುಂಬುವುದರೊಳಗೆ ಭಾಯ್ ಅಂಗಡಿ ಕಿತ್ತು ಹುಳಿಯಾರಿಗೆ ಹೋದರು. ಹೇಳಿ ಹೋಗಲಿಲ್ಲ.

ಇವತ್ತು ಅದೇ ಮಿಲ್ಲಿನವರಿಗೆ ಇನ್ನೊಂದು ಯಂತ್ರ. ಹೊಸ ಮೋಟಾರಿನ ಪುಸ್ತಿಕೆಯಲ್ಲಿ ಎಲ್ಲ ಕಿಲೋಗ್ರಾಂ ಸೆಂಟಿಮೀಟರ್ ವರ್ಗದಲ್ಲಿತ್ತು, ನನ್ನ ಲೆಕ್ಕ ಮೀಟರ್ ವರ್ಗದಲ್ಲಿ. ಮೀಟರನ್ನು ಸೆಂಟಿಮೀಟರಿಗೆ ತರುವಾಗ ಎಷ್ಟೋ ಜನ ನೂರರಿಂದ ಗುಣಿಸಿ ಕೆಡುತ್ತಾರೆ. ವರ್ಗ ಇರುವುದರಿಂದ ಹತ್ತು ಸಾವಿರ ಆಗಬೇಕು. ನಾನು ಅಲ್ಲಿ ಎಂದೂ ತಪ್ಪಿದವಳಲ್ಲ. ಸಾಲು ಸಾಲು ಗುಣಿಸುತ್ತಾ ಹೋದಾಗ, ಪಕ್ಕದಲ್ಲಿ ಜಿಡಿ ಸ್ಕ್ವೇರ್ ಅಂತ ಇನ್ನೊಂದು ಕಾಲಮ್ ಇರುವುದು ಕಂಡಿತು. ಪ್ರತಿ ಸಾಲಿನಲ್ಲೂ ಮೊದಲಿನದರ ನಾಲ್ಕರಷ್ಟು. ಅಳತೆಯ ಹೆಸರು ಮಾತ್ರ ಎರಡಕ್ಕೂ ಒಂದೇ.

ಲೋಟ ಕೆಳಗಿಟ್ಟೆ. ಹಳೆಯ ನಕ್ಷೆ ಹುಡುಕಿ ಬಿಡಿಸಿದೆ. ಹನ್ನೆರಡರ ಹಿಂದೆ ಜಿಡಿ ಅನ್ನುವ ಅದೇ ಎರಡು ಅಕ್ಷರಗಳಿದ್ದವು. ಆ ಕಾಲದವರು ವ್ಯಾಸ ಹಿಡಿದು ಲೆಕ್ಕ ಹಾಕುತ್ತಿದ್ದರು, ನಾವು ತ್ರಿಜ್ಯ ಹಿಡಿಯುತ್ತೇವೆ. ಎರಡರಷ್ಟು ಇರುವುದು ವರ್ಗವಾದಾಗ ನಾಲ್ಕರಷ್ಟು. ಬೇಕಿದ್ದದ್ದು ಮೂರು, ನಾನು ಕೊಟ್ಟದ್ದು ಹನ್ನೆರಡು. ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಅಂಕಿಯನ್ನೂ ಅಳತೆಯನ್ನೂ ಇಳಿಸಿಕೊಂಡು ಅಕ್ಷರ ಬಿಟ್ಟುಬಿಡುವುದು ರೂಢಿ. ಒಬ್ಬೊಬ್ಬರು ಒಂದೊಂದು ಅಕ್ಷರ ಬರೆಯುತ್ತಾರೆ, ಯಾರು ನೋಡುತ್ತಾರೆ. ಹತ್ತು ಸಾವಿರದಲ್ಲಿ ತಪ್ಪದವಳು ನಾಲ್ಕರಲ್ಲಿ ತಪ್ಪಿದ್ದೆ.

ನೆನೆಹಾಕಿದ ಕಾಳಿನ ಮೇಲೆ ತಟ್ಟೆ ಮುಚ್ಚಿ, ನಕ್ಷೆ ಸುತ್ತಿಕೊಂಡು ಬಸ್ಸು ಹತ್ತಿದೆ. ಫೋನಿನಲ್ಲಿ ಹೇಳಬಹುದಿತ್ತು. ಜನರ ಮುಂದೆ ಆಡಿದ ಮಾತನ್ನು ಜನರ ಮುಂದೆಯೇ ವಾಪಸ್ ತಗೋಬೇಕು ಅನ್ನುತ್ತಿದ್ದರು ಅಮ್ಮ.

ಭಾಯ್ ಅಂಗಡಿಯಲ್ಲಿ ಪಂಪ್‌ಸೆಟ್ ತಂದಿದ್ದ ಇಬ್ಬರು ಕುರಿ ಸಾಕುವವರು ಕೂತಿದ್ದರು. ಭಾಯ್ ಗಡ್ಡ ಬೆಳ್ಳಗಾಗಿತ್ತು. ತಲೆ ಎತ್ತಿ ನೋಡಿ, ಮತ್ತೆ ಸುರುಳಿಗೆ ತಂತಿ ಕೂರಿಸತೊಡಗಿದರು.

"ಏನಕ್ಕಾ, ಇನ್ಯಾವ ಮೋಟಾರು ಸುಡಕ್ಕೆ ಬಂದ್ರಿ?"

"ಸುಟ್ಟಿದ್ದು ನಾನೇ ಕಣ್ರೀ ಭಾಯ್. ಗಾಲಿ ನಾಲ್ಕರಷ್ಟು ಆಗಿತ್ತು. ನಿಮ್ಮ ತಂತಿ ಸರಿ ಇತ್ತು."

ನಕ್ಷೆ ಬಿಡಿಸಿ ತೋರಿಸಿದೆ. ಅವರು ನೋಡಲಿಲ್ಲ. "ಅದು ನಂಗೆ ಅವತ್ತೇ ಗೊತ್ತಿತ್ತು. ಮೋಟಾರಿನ ಸದ್ದೇ ಹೇಳ್ತಿತ್ತು. ನಂಗ್ಯಾಕೆ ತೋರಿಸ್ತೀರಿ? ಮಿಲ್ಲಿನೋರಿಗೆ ಹೇಳಿ."

ಅಲ್ಲೇ ನಿಂತು ಮಿಲ್ಲಿನ ಯಜಮಾನರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಿಸುವ ಹಾಗೆ ಇಟ್ಟು, ಗಾಲಿಯ ಲೆಕ್ಕ ತಪ್ಪಿದ್ದನ್ನು ಹೇಳಿದೆ.

"ಹಂಗಾದ್ರೆ ಸಾಬ್ರು ಮೋಸ ಮಾಡಿರ್ಲಿಲ್ವಾ?" ಅಂದರು ಯಜಮಾನರು.

"ಇಲ್ಲ ಕಣ್ರೀ. ತಪ್ಪು ನಂದು. ನಾಲ್ಕು ಜನಕ್ಕೆ ಹೇಳಿ."

"ಏನಮ್ಮಾ, ನಾವು ಊರಿಗೆಲ್ಲ ಹೇಳ್ಕೊಂಡು ಬಂದ್ವಲ್ಲ!" ಅಂದರು. "ಆಯ್ತು, ಹೇಳ್ತೀನಿ."

ಕುರಿಯವರಲ್ಲಿ ಹಿರಿಯನಾದವನು ಪಕ್ಕದವನಿಗೆ, "ಲೇ, ಓದಿದೋರೂ ತಪ್ಪು ಮಾಡ್ತಾರೆ ಕಣ್ಲಾ," ಅಂದ. ಭಾಯ್ ನಕ್ಕರು. ನನ್ನ ಕಡೆ ತಿರುಗಿ ನಕ್ಕದ್ದಲ್ಲ.

ಆಮೇಲೆ ಟೀ ತರಿಸಿದರು. ಕುಡಿದ ಲೋಟ ವಾಪಸ್ ಕೊಡುವಾಗ ಕೇಳಿದೆ: "ತಿಪಟೂರಿಗೆ ಮತ್ತೆ ಬರಲ್ವಾ?"

"ಇಲ್ಲೇ ನೆಲೆ ಆಯ್ತಕ್ಕಾ. ಅಂಗಡಿ ಅಂದ್ರೆ ನಿಮ್ಮ ಗಾಲಿ ಥರಾನೇ. ನಿಂತಿದ್ದನ್ನ ಎಬ್ಬಿಸೋದು ಕಷ್ಟ. ಇದನ್ನ ಹೆಂಗೋ ಎಬ್ಬಿಸಿದೀನಿ. ಬುಡಿ."

ಮತ್ತೆ ತಂತಿಗೆ ಕೈ ಹಾಕಿದರು. ಬಸ್ ನಿಲ್ದಾಣದವರೆಗೆ ಬಿಡಲು ಯಾರೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಹಳೆಯ ನಕ್ಷೆಯ ಮೇಲೆ, ಆ ಎರಡು ಅಕ್ಷರಗಳ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ನಾಲ್ಕರಿಂದ ಭಾಗಿಸಿ ಅಂತ ಬರೆದು ಗೋಡೆಗೆ ಅಂಟಿಸಿದೆ. ಒಂದು ಮುದ್ದೆ, ಹುರುಳಿಕಾಳಿನ ಸಾರು. ಸಾರು ನಾಳೆಗೂ ಆಗುವಷ್ಟು ಉಳಿಯಿತು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಬೆಕ್ಕು ಭಾಯ್ ಕೂರುತ್ತಿದ್ದ ಸ್ಟೂಲಿನ ಮೇಲೆ ಮಲಗಿತ್ತು.