ಹನುಮಂತಮ್ಮನ ಪಾದದ ನಾಡಿ

೧೯೧೭ರ ಜೂನ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಹೊಂಗನೂರಿನ ಔಷಧಾಲಯದ ಕಾಂಪೌಂಡರ್ ಚನ್ನಲಿಂಗಪ್ಪನವರು ಗಾಯ ಕಟ್ಟುವ ಬಟ್ಟೆಗಳನ್ನು ಕುದಿಸುತ್ತಿದ್ದರು. ರೇಷ್ಮೆ ನೂಲು ತೆಗೆಯುವ ಹನುಮಂತಮ್ಮನನ್ನು ಅವಳ ಗಂಡ ಲಿಂಗಯ್ಯ ಗಾಡಿಯಲ್ಲಿ ಕರೆತಂದ. ಅವಳ ಬಲಪಾದ ನೀಲಿಗಟ್ಟಿ ತಣ್ಣಗಾಗಿತ್ತು.

"ಕಾಲು ಕೊಳೀತೈತೆ, ಕುಯ್ಯಲೇಬೇಕು ಅಂತಾವ್ರೆ ಸ್ವಾಮಿ," ಎಂದು ಅವಳು ಅತ್ತಳು.

"ಯಾರಮ್ಮ ಅಂದೋರು?"

"ಬೀದಿಯೋರೆಲ್ಲ."

"ಬೀದೀಲಿ ಅಷ್ಟೊಂದು ಜನ ಡಾಕ್ಟರು ಅವ್ರಾ?"

ಊತವೋ, ಉಳುಕೋ, ಹುಣ್ಣೋ, ರಕ್ತ ಕಟ್ಟಿದೆಯೋ ಎಂದು ಮುಟ್ಟಿ ನೋಡುವ ತನಕ ಚನ್ನಲಿಂಗಪ್ಪನವರು ಯಾವ ಕಾಯಿಲೆಯ ಹೆಸರನ್ನೂ ಹೇಳುತ್ತಿರಲಿಲ್ಲ. ಮೂವತ್ತು ವರ್ಷದ ಕೆಲಸದಲ್ಲಿ ಈ ಪದ್ಧತಿಯನ್ನು ಅವರು ಬಿಟ್ಟವರಲ್ಲ. ಸೀರೆಯಂಚು ಸರಿಸಿದಾಗ ಮೀನಖಂಡದ ಕೆಳಗೆ ರೇಷ್ಮೆ ನೂಲಿನ ಏಳು ಸುತ್ತು ಕಂಡವು. ಹಿಂದಿನ ಸಂಜೆ ಕಾಲು ಉಳುಕಿತ್ತು. ಊತ ಮಂಡಿಗೆ ಏರದಿರಲೆಂದು ಅವಳೇ ನಸುಕಿನಲ್ಲಿ ಬಿಗಿದುಕೊಂಡಿದ್ದಳು.

"ನೂಲು ಬಲು ಗಟ್ಟಿ ಐತಲ್ಲಮ್ಮ."

"ನಮ್ಮೋಳು ತೆಗೆದ ನೂಲು, ಎತ್ತು ಎಳೆದ್ರೂ ಹರಿಯಾಕಿಲ್ಲ!" ಎಂದ ಲಿಂಗಯ್ಯ, ಆ ಗಾಬರಿಯಲ್ಲೂ ಹೆಮ್ಮೆಯಿಂದ.

"ಅದಕ್ಕೇ ಕಣಪ್ಪ, ರಕ್ತಾನೂ ದಾಟಕ್ಕಾಗಿಲ್ಲ," ಎಂದು ಅವರು ನೂಲನ್ನು ಕತ್ತರಿಸಿದರು. "ಪಾದದಲ್ಲಿ ನಾಡಿ ಸಿಕ್ರೆ ಕಾಲಿಗೆ ಭಯ ಇಲ್ಲ."

ಪಾದದ ಮೇಲೆ ಎರಡು ಬೆರಳಿಟ್ಟು ಗಡಿಯಾರ ತೆರೆದರು. ಚರ್ಮ ನಿಧಾನವಾಗಿ ಕೆಂಪಾಯಿತು.

"ಕಾಲು ಉಳೀತಾ ಸ್ವಾಮಿ?" ಎಂದಳು ಹನುಮಂತಮ್ಮ.

ಅವರು ಸುಮ್ಮನಿರುವಂತೆ ಕೈ ಮಾಡಿ, ಪೂರ್ತಿ ಒಂದು ನಿಮಿಷ ಎಣಿಸಿ, ನಕ್ಕು ಗಟ್ಟಿಯಾಗಿ ಹೇಳಿದರು: "ಎಂಬತ್ನಾಲ್ಕು!"